ಕರೆಂಟಮ್ಮ ಬಿಚ್ಚಿ ನೋಡಿದ ಡಬ್ಬಿ

ಕರೆಂಟಮ್ಮನಿಗೆ ಸಿಟ್ಟು ಬಂದರೆ ಬಾಯಿಗಿಂತ ಮೊದಲು ಕೈ ಮುಂದೆ ಬರುತ್ತಿತ್ತು. ಮಾರ್ಕೆಟ್ ಕಟ್ಟಡದ ಮೊದಲ ಮಹಡಿಯಲ್ಲಿದ್ದ ಅವಳ ಕಂಪ್ಯೂಟರ್ ಅಂಗಡಿಗೆ ಬರುವವರಿಗೆಲ್ಲ ಇದು ತಿಳಿದಿತ್ತು. ಒಮ್ಮೆ ಗೇಮ್ ಆಡುವ ಗಿರಾಕಿಯೊಬ್ಬ, ಅವಳು ಹೊಂದಿಸಿ ಕೊಟ್ಟಿದ್ದ ವೋಲ್ಟೇಜನ್ನು ಮನೆಯಲ್ಲಿ ತಾನೇ ಏರಿಸಿ, ಪ್ರೊಸೆಸರ್ ಸುಟ್ಟುಕೊಂಡು ಬಂದು, "ನೀವು ಕೊಟ್ಟಿದ್ದೇ ಕಳಪೆ ಮಾಲು" ಎಂದ. ಕರೆಂಟಮ್ಮ ಅವನ ಕತ್ತಿನಪಟ್ಟಿ ಹಿಡಿದು ಮೆಟ್ಟಿಲವರೆಗೆ ಎಳೆದುಕೊಂಡು ಹೋಗಿ, ಎರಡೂ ಕೆನ್ನೆಗೆ ಮೋಸವಾಗದಂತೆ ಬಾರಿಸಿ ಕಳಿಸಿದಳು. ಸ್ವಲ್ಪ ದಿನ ಬಿಟ್ಟು ಅವನೇ ಹೊಸ ಪ್ರೊಸೆಸರ್ ಹಿಡಿದುಕೊಂಡು ಬಂದ.

"ಕೆನ್ನೆ ಹೇಗಿದೆ?" ಎಂದಳು.

"ಇನ್ನೂ ಬಿಸಿ ಇದೆ. ಅದಕ್ಕೂ ಒಂದು ಫ್ಯಾನ್ ಹಾಕ್ಕೊಡಿ" ಎಂದ.

ಪ್ರೊಸೆಸರನ್ನು ಅದರ ನಿಗದಿತ ವೇಗಕ್ಕಿಂತ ಮೇಲೆ ಓಡಿಸಿ, ಅದು ನಡುವೆ ಕೈಕೊಡದ ಹಾಗೆ ನಿಲ್ಲಿಸಿಕೊಡುವುದರಲ್ಲಿ ಅವಳನ್ನು ಮೀರಿಸುವವರು ಆ ಕಡೆ ಇರಲಿಲ್ಲ. ಏಟು ತಿಂದವರೂ ತಿರುಗಿ ಬರುತ್ತಿದ್ದುದು ಅದಕ್ಕೇ.

ಆ ಕೈ ಅವಳಿಗೆ ಬಂದದ್ದು ಅಪ್ಪನಿಂದ. ಅಪ್ಪ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಿದ್ದವನು. ತಾಮ್ರದ ತಂತಿಯ ಕೆಲವು ಎಳೆಗಳನ್ನು ಹೊಸೆದು ಗೋಡೆಯ ಮೊಳೆಗೆ ನೇತುಹಾಕಿದ್ದ. ಅದು ಮೋಟಾರಿಗಲ್ಲ, ಮನೆಯವರಿಗೆ. ಅಮ್ಮ ತಲೆ ತಗ್ಗಿಸಿ ಹೊಡೆತ ತಿನ್ನುತ್ತಿದ್ದಳು, ಅಕ್ಕ ಮೂಲೆ ಸೇರಿ ತಿನ್ನುತ್ತಿದ್ದಳು. ಒಂದು ದಿನ ಅಪ್ಪ ಅಕ್ಕನ ಬೆನ್ನಿನ ಚರ್ಮ ಏಳುವಂತೆ ಬಡಿಯುತ್ತಿದ್ದಾಗ, ಇನ್ನೂ ಶಾಲೆಗೆ ಹೋಗುತ್ತಿದ್ದ ಕಿರಿಯವಳು ಕೆಲಸದ ಮೇಜಿನ ಮೇಲಿದ್ದ ಮೋಟಾರಿನ ಶಾಫ್ಟನ್ನು ಎರಡೂ ಕೈಯಿಂದ ಎತ್ತಿ ಅವನ ಮುಂಗೈಗೆ ಅಪ್ಪಳಿಸಿದಳು. ಮೂಳೆ ಲಟ್ಟೆಂದಿತು. ಅಪ್ಪ ನೆಲದ ಮೇಲೆ ಕುಸಿದು, ಜೋತುಬಿದ್ದ ಕೈಯನ್ನು ನೋಡಿಕೊಂಡು, "ಇವಳು ನನ್ನ ಮಗಳು" ಎಂದ. ಹೆಮ್ಮೆಯಿಂದಲೇ ಹೇಳಿದ. ಆ ಕೈ ಮತ್ತೆ ನೆಟ್ಟಗಾಗಲಿಲ್ಲ. ಅವನು ತನ್ನ ಕೆಲಸವನ್ನೆಲ್ಲ ಕಿರಿಯವಳಿಗೆ ಕಲಿಸಿದ. ಬೆನ್ನು ಉಳಿಸಿಕೊಂಡ ಅಕ್ಕ ಮಾತ್ರ ತಂಗಿಯ ಹತ್ತಿರ ಬರಲಿಲ್ಲ. ಬಾಗಿಲ ಹಿಂದೆ ನಿಂತು ಅವಳ ಕೈಯನ್ನೇ ನೋಡುತ್ತಿದ್ದಳು.

ಮೋಟಾರಿನಿಂದ ಕಂಪ್ಯೂಟರಿಗೆ ಬಂದ ಮೇಲೆ ಕರೆಂಟಮ್ಮ ಪಕ್ಕದ ಕನ್ನಡಕದ ಅಂಗಡಿಯವನನ್ನು ಮದುವೆಯಾದಳು. ಅವನು ಮಸೂರ ಉಜ್ಜುವವನು, ನೊಣ ಹೊಡೆಯಲಿಕ್ಕೂ ಎರಡು ಸಲ ಯೋಚಿಸುವವನು. ಮದುವೆಗೆ ಮೊದಲು ಅವನು ಕೇಳಿದ್ದು ಒಂದೇ ಮಾತು: "ಮನೆಯೊಳಗೆ ಕೈ ಎತ್ತಬಾರದು." ಅವಳು ಒಪ್ಪಿದಳು, ಮಾತು ಉಳಿಸಿಕೊಂಡಳು. ಸಿಟ್ಟು ಬಂದರೆ ಚಪ್ಪಲಿ ಮೆಟ್ಟಿ ಬೀದಿಗೆ ಹೋಗಿಬಿಡುತ್ತಿದ್ದಳು. "ಈಗ ಬೀದಿಯವರ ಗ್ರಹಚಾರ" ಎಂದು ಗಂಡ ಕನ್ನಡಕ ಒರೆಸುತ್ತ ಕೂರುತ್ತಿದ್ದ.

ಅಂಥ ದಿನಗಳಲ್ಲೇ ವಿಡಿಯೋ ಎಡಿಟರ್ ಹೆಂಗಸೊಬ್ಬಳು ಅಂಗಡಿಗೆ ಬಂದಳು. ಅವಳ ಅಣ್ಣ ಲಾರಿ ಓಡಿಸುತ್ತಿದ್ದ, ಇವಳು ಮನೆಯ ಒಂದು ಕೋಣೆಯಲ್ಲಿ ಕೂತು ಜಾಹೀರಾತು ಕಂಪನಿಗಳಿಗೆ ವಿಡಿಯೋ ಹೊಂದಿಸಿ ಕೊಡುತ್ತಿದ್ದಳು. ಅವಳ ಹಳೆಯ ಕಂಪ್ಯೂಟರ್ ಆಮೆಯಂತೆ ತೆವಳುತ್ತಿತ್ತು.

"ಅತಿ ವೇಗದ್ದು ಬೇಕು ಕರೆಂಟಮ್ಮ. ಎಷ್ಟು ಏರಿಸೋಕಾಗುತ್ತೋ ಅಷ್ಟು ಏರಿಸಿಕೊಡಿ."

"ಏರಿಸೋದು ದೊಡ್ಡ ಮಾತಲ್ಲ ಕಣಮ್ಮ, ಉಣಿಸೋದು ದೊಡ್ಡದು" ಎಂದಳು ಕರೆಂಟಮ್ಮ. "ಈ ಪ್ರೊಸೆಸರ್ ತನ್ನ ಪಾಡಿಗೆ ಓಡಿದ್ರೆ ನೂರಿಪ್ಪತ್ತೈದು ವ್ಯಾಟ್ ತಿನ್ನುತ್ತೆ. ನಾನು ವೇಗ ಏರಿಸಿ, ಅದಕ್ಕೆ ತಕ್ಕ ಹಾಗೆ ವೋಲ್ಟೇಜೂ ಏರಿಸಿದ್ರೆ ಅದರ ಎರಡರಷ್ಟು ತಿನ್ನುತ್ತೆ. ನಿನ್ನ ಗ್ರಾಫಿಕ್ಸ್ ಕಾರ್ಡು ಬೇರೆ ಅಷ್ಟೇ ತಿನ್ನುತ್ತೆ. ಎರಡೂ ಒಟ್ಟಿಗೆ ಬಾಯಿ ಹಾಕಿದಾಗ ಕರೆಂಟು ಉಣಿಸೋ ಪವರ್ ಸಪ್ಲೈ ಡಬ್ಬಿ ಏದುಸಿರು ಬಿಡಬಾರದು. ಎಂಟುನೂರೈವತ್ತು ವ್ಯಾಟಿಂದು ಹಾಕೋಣ. ಪೂರ್ತಿ ಕೆಲಸದಲ್ಲೂ ಅದಕ್ಕೆ ಮೂರರಲ್ಲಿ ಒಂದು ಪಾಲು ಉಸಿರು ಮಿಕ್ಕಿರಬೇಕು."

ಅವಳಿಗೆ ಬೇಕಾದ ಪವರ್ ಸಪ್ಲೈ ಆಗ ಎಲ್ಲೂ ಸಿಗುತ್ತಿರಲಿಲ್ಲ. ಅಕ್ಕನ ಗಂಡನ ಗೋದಾಮಿನಲ್ಲಿ ಮಾತ್ರ ರಾಶಿ ಬಿದ್ದಿತ್ತು. ಭಾವ ಕಂಪ್ಯೂಟರ್ ಬಿಡಿಭಾಗಗಳ ಸಗಟು ವ್ಯಾಪಾರಿ. ನಗುವಾಗ ಹೊಟ್ಟೆ ಮೊದಲು ನಗುತ್ತಿತ್ತು. "ನಾದಿನಿಗೆ ಇಲ್ಲ ಅಂತೀನಾ?" ಎಂದು ತಾನೇ ಬೈಕಿನಲ್ಲಿ ಡಬ್ಬಿಗಳನ್ನು ತಂದು ಇಳಿಸಿದ. ಕರೆಂಟಮ್ಮ ಒಂದನ್ನು ಕೈಯಲ್ಲಿ ತೂಗಿ ನೋಡಿದಳು. ಒಳ್ಳೆಯ ಪವರ್ ಸಪ್ಲೈ ಭಾರವಿರಬೇಕು, ಇದು ಭಾರವಿತ್ತು. ಕೇಬಲ್ಲುಗಳು ಬೆರಳುಗಾತ್ರ ಇದ್ದವು. ಮುದ್ರೆ ಹಾಕಿದ ಚೀಟಿ ಅಲುಗದೆ ಅಂಟಿತ್ತು. ಅಕ್ಕನ ಮನೆಯ ಮಾಲು, ಬಿಚ್ಚಿ ನೋಡುವುದು ಯಾಕೆ ಎಂದುಕೊಂಡಳು.

ಕಂಪ್ಯೂಟರ್ ಜೋಡಿಸಿ, ಪ್ರೊಸೆಸರಿಗೆ ಹೋಗುವ ಎರಡೂ ಕನೆಕ್ಟರುಗಳನ್ನು ಕ್ಲಿಕ್ಕೆನ್ನುವವರೆಗೆ ಒತ್ತಿದಳು. ವೇಗವನ್ನು ಒಂದೊಂದು ಮೆಟ್ಟಿಲು ಏರಿಸಿದಳು. ಹ್ಯಾಂಗ್ ಆದಲ್ಲಿ ವೋಲ್ಟೇಜನ್ನು ಕೂದಲೆಳೆಯಷ್ಟು ಹೆಚ್ಚಿಸಿದಳು. ಕೆಲಸದ ಭಾರ ಬಿದ್ದ ಕೂಡಲೇ ವೋಲ್ಟೇಜ್ ಬಗ್ಗುತ್ತದೆ. ಬಗ್ಗದಂತೆ ಆನಿಸಿ ಹಿಡಿಯುವ ಸೆಟ್ಟಿಂಗನ್ನು ಪೂರ್ತಿ ಬಿಗಿಯದೆ ನಡುವಿಗೆ ಇಟ್ಟಳು. ಬಿಸಿ ಏರಿದರೆ ತಾನೇ ನಿಧಾನವಾಗುವಂತೆ ಒಂದು ಎಲ್ಲೆ ಹಾಕಿದಳು. ಪ್ರೊಸೆಸರನ್ನು ಪೂರ್ತಿ ದುಡಿಸಿ, ಮೀಟರಿನ ಮೊನೆಯನ್ನು ಹನ್ನೆರಡು ವೋಲ್ಟಿನ ತಂತಿಗೆ ಚುಚ್ಚಿದಳು. ಹನ್ನೊಂದು ಮುಕ್ಕಾಲಿಗಿಂತ ಕೆಳಗೆ ಇಳಿಯಲಿಲ್ಲ.

ಗ್ರಾಫಿಕ್ಸ್ ಕಾರ್ಡನ್ನೂ ಜೊತೆಗೆ ಹೂಡಿ, ಇಡೀ ದಿನ ದುಡಿಸಿ ನೋಡುವುದು ಅವಳ ಪದ್ಧತಿ. ಆದರೆ ಎಡಿಟರ್ ಬಾಗಿಲಲ್ಲೇ ನಿಂತಿದ್ದಳು. "ಇವತ್ತೇ ಕೊಡಬೇಕಾದ ಕೆಲಸ ಇದೆ, ದಯವಿಟ್ಟು" ಎಂದಳು. ಕರೆಂಟಮ್ಮ ಕೊಟ್ಟು ಕಳಿಸಿದಳು.

ಕೆಲವು ದಿನ ಅದು ಕುದುರೆಯಂತೆ ಓಡಿತು. ಆಮೇಲೊಂದು ಮಧ್ಯಾಹ್ನ ಎಡಿಟರ್ ಉದ್ದದ ವಿಡಿಯೋ ಒಂದನ್ನು ಪೂರ್ತಿಗೊಳಿಸಲು ಹಚ್ಚಿದಳು. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಒಟ್ಟಿಗೆ ದುಡಿಯತೊಡಗಿದವು. ಸುಟ್ಟ ವಾಸನೆ ಬಂತು. ಕಂಪ್ಯೂಟರಿನ ಪಕ್ಕದ ಮುಚ್ಚಳ ತೆಗೆದು ನೋಡಿದರೆ ಕೇಬಲ್ಲಿನ ಹೊದಿಕೆ ಹೊಗೆಯಾಡುತ್ತ ಕರಗುತ್ತಿತ್ತು. ಗಾಬರಿಯಲ್ಲಿ ಅವಳು ಬಲಗೈ ಹಾಕಿ ಆ ಕೇಬಲ್ಲನ್ನೇ ಕಿತ್ತಳು. ಅದೇ ಗಳಿಗೆಯಲ್ಲಿ ಪವರ್ ಸಪ್ಲೈ ಪಟಾರೆಂದು ಸಿಡಿದು ಉರಿ ಹಿಡಿಯಿತು. ಕುದಿಯುವ ಪ್ಲಾಸ್ಟಿಕ್ ಅವಳ ಅಂಗೈಗೆ ಅಂಟಿಕೊಂಡಿತು. ಕೊಡವಿದರೂ ಬೀಳಲಿಲ್ಲ, ಎಳೆದರೆ ಚರ್ಮದ ಜೊತೆಗೇ ಬಂತು. ಅವಳ ಕೂಗು ಕೇಳಿ ಅಕ್ಕಪಕ್ಕದವರು ಓಡಿಬಂದು ಬಾಗಿಲು ಒಡೆದು ಹೊರಗೆಳೆದರು. ಆಸ್ಪತ್ರೆಯಲ್ಲಿ ಎರಡು ಬೆರಳು ತೆಗೆದರು. ಉಳಿದ ಬೆರಳುಗಳು ಒಂದಕ್ಕೊಂದು ಮೆತ್ತಿಕೊಂಡು ಮುದುರಿದವು.

ಮರುದಿನ ಅವಳ ಅಣ್ಣ ಅಂಗಡಿಗೆ ಬಂದ. ಲಾರಿಯ ಜ್ಯಾಕಿನ ರಾಡು ಕೈಯಲ್ಲಿತ್ತು. ಬಾಗಿಲ ಗಾಜು ಮೊದಲು ಹೋಯಿತು, ಆಮೇಲೆ ಶೋಕೇಸು, ಆಮೇಲೆ ಗೋಡೆಯ ಮೇಲಿನ ಮಾನಿಟರುಗಳು.

"ಏನೇ, ನನ್ನ ತಂಗಿ ಕೈ ಏನು ಮಾಡಿದೀಯ ಗೊತ್ತಾ?"

"ಏನಾಯ್ತು ಹೇಳಪ್ಪ" ಎಂದಳು ಕರೆಂಟಮ್ಮ, ಎದ್ದು ನಿಂತು. ಅವಳಿಗೆ ಇನ್ನೂ ಸುದ್ದಿ ಮುಟ್ಟಿರಲಿಲ್ಲ.

ಅವನು ಹೇಳಿದ. ಹೇಳುತ್ತಲೇ ಒಂದು ಗೋಣಿಚೀಲವನ್ನು ಅವಳ ಕಾಲ ಬುಡಕ್ಕೆ ಎಸೆದ. ಸುಟ್ಟು ಕರಕಲಾದ ಕಂಪ್ಯೂಟರ್ ಅದರಿಂದ ಉರುಳಿತು. ರಾಡು ಅವಳ ಭುಜದ ಮೇಲೆ ಬಿತ್ತು. ಎರಡನೆಯದು ಪಕ್ಕೆಗೆ. ಅವಳ ಮುಷ್ಟಿ ಬಿಗಿಯಾಯಿತು, ಆದರೆ ಮೇಲೇಳಲಿಲ್ಲ. ಗಂಡ ಪಕ್ಕದಂಗಡಿಯಿಂದ ಓಡಿಬಂದು ನಡುವೆ ನಿಂತ. ಡ್ರೈವರ್ ಅವನನ್ನು ಒಂದೇ ಕೈಯಲ್ಲಿ ಎತ್ತಿ ಒಡೆದ ಶೋಕೇಸಿನ ಮೇಲೆ ಎಸೆದ. ಗಾಜಿನ ಚೂರು ಅವನ ತೊಡೆಯನ್ನು ಸೀಳಿತು.

"ಅವರನ್ನು ಬಿಡು, ಅವರು ಕನ್ನಡಕ ಮಾಡೋರು" ಎಂದಳು ಕರೆಂಟಮ್ಮ. "ಕಂಪ್ಯೂಟರ್ ಕೊಟ್ಟಿದ್ದು ನಾನು. ಹೊಡಿ."

ಅವನು ಹೊಡೆದ. ಅವಳು ಗೋಡೆಗೆ ಬೆನ್ನು ಕೊಟ್ಟು ನಿಂತೇ ತಿಂದಳು, ಮೊಣಕಾಲು ಕುಸಿಯುವವರೆಗೆ. ಕೊನೆಗೆ ಅವನೇ ರಾಡು ಬಿಸುಟು, ಬಾಗಿಲ ಚೌಕಟ್ಟಿಗೆ ತಲೆಯಾನಿಸಿ ಬಿಕ್ಕಳಿಸಿ ಅತ್ತ. ಆಮೇಲೆ ಮೆಟ್ಟಿಲಿಳಿದು ಹೋದ.

ಗಂಡನ ತೊಡೆಗೆ ಹೊಲಿಗೆ ಹಾಕಿಸಿಕೊಂಡು ಬಂದು, ಮುರಿದ ಪಕ್ಕೆಲುಬಿಗೆ ಪಟ್ಟಿ ಬಿಗಿದುಕೊಂಡೇ ಕರೆಂಟಮ್ಮ ಸುಟ್ಟ ಪವರ್ ಸಪ್ಲೈಯ ಸ್ಕ್ರೂ ತೆಗೆದಳು. ಮುಚ್ಚಳ ಎತ್ತಿದಾಗ ಮೊದಲು ಕಂಡದ್ದು ಕಬ್ಬಿಣದ ತುಂಡು. ಅಂಗೈಯಷ್ಟು ಅಗಲದ ದಪ್ಪ ಕಬ್ಬಿಣವನ್ನು ತೂಕ ಬರಲೆಂದು ತಳಕ್ಕೆ ಅಂಟಿಸಿದ್ದರು. ಟ್ರಾನ್ಸ್‌ಫಾರ್ಮರ್ ಬೆಂಕಿಪೊಟ್ಟಣದಷ್ಟಿತ್ತು. ಕರೆಂಟು ಎಲ್ಲೆ ಮೀರಿದರೆ ತಾನೇ ನಿಲ್ಲಿಸುವ ವ್ಯವಸ್ಥೆ ಇರಬೇಕಾದ ಜಾಗ ಖಾಲಿ ಬಿದ್ದಿತ್ತು. ಕೇಬಲ್ಲಿನ ದಪ್ಪ ಹೊದಿಕೆ ಸೀಳಿದರೆ ಒಳಗೆ ದಾರದಂಥ ತಂತಿ. ಇನ್ನೂ ಉಪಯೋಗಿಸದೆ ಉಳಿದಿದ್ದ ಡಬ್ಬಿಗಳನ್ನೂ ಬಿಚ್ಚಿದಳು, ಎಲ್ಲದರಲ್ಲೂ ಕಬ್ಬಿಣ. ಒಂದನ್ನು ಕಟ್ಟಡದ ಹಿಂದಿನ ಅಂಗಳಕ್ಕೆ ಒಯ್ದು, ಅದರ ಮೇಲೆ ಬರೆದಿದ್ದ ವ್ಯಾಟಿನ ಅರ್ಧದಷ್ಟು ಕೆಲಸದ ಭಾರ ಹಾಕಿದಳು. ಕೈತೊಳೆದು ಬರುವಷ್ಟರಲ್ಲಿ ಅದು ಸಿಡಿದು ಅಂಗಳದ ಬೆಕ್ಕುಗಳೆಲ್ಲ ಗೋಡೆ ಹಾರಿದವು.

"ಪೊಲೀಸರಿಗೆ ಕೊಡೋಣ" ಎಂದ ಗಂಡ, ಕುಂಟುತ್ತ ಹಿಂದೆ ಬಂದು. "ಇದನ್ನೆಲ್ಲ ಹೀಗೇ ಇಟ್ಟು ಅವರಿಗೆ ತೋರಿಸೋಣ. ನೀನು ಹೋಗ್ಬೇಡ."

"ಭಾವನ ಬಾಯಿಂದ ಒಂದು ಮಾತು ಕೇಳ್ಕೊಂಡು ಬರ್ತೀನಿ."

"ನಿನಗೆ ಮಾತು ಕೇಳೋಕೆ ಬರಲ್ಲ."

ಅವಳು ಕಬ್ಬಿಣ ಅಂಟಿಸಿದ್ದ ಒಂದು ಪವರ್ ಸಪ್ಲೈಯನ್ನು ಕೇಬಲ್ ಸಮೇತ ಎತ್ತಿಕೊಂಡು ಹೊರಟಳು.

ಭಾವನ ಗೋದಾಮು ಹಿಂದಿನ ಬೀದಿಯಲ್ಲಿತ್ತು. ಭಾವ ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಅಕ್ಕ ನೆಲದ ಮೇಲೆ ಕೂತು ಡಬ್ಬಿಗಳಿಗೆ ಹೊಳೆಯುವ ಚೀಟಿ ಅಂಟಿಸುತ್ತಿದ್ದಳು. ಮುದ್ರೆಯ ಚೀಟಿಯ ಸುರುಳಿಯೇ ಅವಳ ಮಡಿಲಲ್ಲಿತ್ತು.

"ನಿನಗೂ ಗೊತ್ತಿತ್ತಾ ಅಕ್ಕ?"

"ಎಲ್ಲರೂ ಮಾರೋದು ಇದನ್ನೇ" ಎಂದಳು ಅಕ್ಕ, ತಲೆ ಎತ್ತದೆ.

"ಒಂದು ಹೆಣ್ಣಿನ ಬಲಗೈ ಹೋಗಿದೆ ಭಾವ. ಎಂಟುನೂರೈವತ್ತು ಅಂತ ಬರೆದು ಇದರಲ್ಲಿ ಏನು ತುಂಬಿಸಿದ್ದೀರಿ ನೋಡಿ."

ಭಾವ ಚಹಾದ ಲೋಟ ಕೆಳಗಿಟ್ಟ. "ಕೇಳಿದೆ, ಪಾಪ. ಆದ್ರೆ ನೋಡಮ್ಮ, ಪ್ರೊಸೆಸರ್ ತಯಾರು ಮಾಡಿದೋರು ಇಷ್ಟೇ ಓಡಿಸಿ ಅಂದಿದ್ದಾರೆ. ಅದಕ್ಕಿಂತ ಮೇಲೆ ಓಡಿಸಿದ್ದು ಯಾರು? ಸಾಧಾರಣವಾಗಿ ಓಡಿಸಿದ್ರೆ ನನ್ನ ಡಬ್ಬಿ ವರ್ಷಗಟ್ಟಲೆ ಬಾಳಿಕೆ ಬರುತ್ತೆ. ಆ ಕೈ ಸುಟ್ಟಿದ್ದು ನಿನ್ನ ಸೆಟ್ಟಿಂಗು."

"ಡಬ್ಬಿ ಮೇಲೆ ಬರೆದಿದ್ದನ್ನ ನಂಬಿ ಮಾಡಿದ್ದು."

"ದಿನಪೂರ್ತಿ ದುಡಿಸಿ ನೋಡದೆ ಕೊಡಲ್ಲ ಅಂತ ಊರಿಗೆಲ್ಲ ಹೇಳ್ತಿದ್ಯಲ್ಲ, ಇದನ್ನ ನೋಡಿದ್ಯಾ?" ಎಂದು ಭಾವ ನಕ್ಕ. ಹೊಟ್ಟೆ ಕುಲುಕಿತು.

ಅದು ನಿಜವಾಗಿತ್ತು. ನಿಜವಾದ್ದರಿಂದಲೇ ಅವಳಿಗೆ ತಡೆಯಲಾಗಲಿಲ್ಲ. ಕೇಬಲ್ಲುಗಳ ಕಟ್ಟನ್ನು ಮುಷ್ಟಿಯಲ್ಲಿ ಹಿಡಿದು ಪವರ್ ಸಪ್ಲೈಯನ್ನು ಬೀಸಿದಳು. ಅದು ಭಾವನ ದವಡೆಗೆ ಬಡಿದು, ಅವನು ಕುರ್ಚಿಯ ಸಮೇತ ಡಬ್ಬಿಗಳ ರಾಶಿಯೊಳಕ್ಕೆ ಬಿದ್ದ. ಹಲ್ಲುಗಳು ನೆಲದ ಮೇಲೆ ಚೆಲ್ಲಿದವು. ಏಳಲು ಊರಿದ ಅವನ ಬಲಗೈಯನ್ನು ಅವಳು ಕಾಲಿನಿಂದ ಒತ್ತಿ ಹಿಡಿದಳು, ಮತ್ತೆ ಬೀಸಿದಳು. ಬೆರಳುಗಳು ಮುರಿದವು. ಅವನು ಕಿರುಚುತ್ತಿದ್ದ. ಅವಳಿಗೆ ಕೇಳಿಸುತ್ತಿರಲಿಲ್ಲ. ಕೇಬಲ್ಲು ಹರಿದು ಪವರ್ ಸಪ್ಲೈ ಬಿದ್ದುಹೋದ ಮೇಲೆ ಬರಿಗೈಯಲ್ಲಿ ಅವನ ಮುಖಕ್ಕೆ ಗುದ್ದತೊಡಗಿದಳು.

ಅಕ್ಕ ಅವಳ ಬೆನ್ನ ಮೇಲೆ ಹಾರಿ ಕೂದಲು ಹಿಡಿದು ಎಳೆದಳು, ಕಿವಿ ಕಚ್ಚಿದಳು. ಯಾರೆಂದು ನೋಡದೆ ಕರೆಂಟಮ್ಮ ಮೊಣಕೈಯಿಂದ ಹಿಂದಕ್ಕೆ ತಿವಿದಳು. ಹಿಡಿತ ಸಡಿಲವಾಯಿತು. ತಿರುಗಿ ನೋಡಿದರೆ ಅಕ್ಕ ಗೋಡೆಗೆ ಒರಗಿ ಬಿದ್ದಿದ್ದಳು, ಬಾಯಿಂದ ಗದ್ದಕ್ಕೆ ರಕ್ತ ಸುರಿಯುತ್ತಿತ್ತು. ಎರಡೂ ಕೈ ಮುಖಕ್ಕೆ ಅಡ್ಡ ಹಿಡಿದು ಮುದುಡಿ ಕೂತಿದ್ದಳು, ಮುಂದಿನ ಏಟಿಗೆ ಕಾಯುವವಳಂತೆ. ಚಿಕ್ಕಂದಿನಲ್ಲಿ ಮೂಲೆಯಲ್ಲಿ ಹಾಗೆಯೇ ಕೂರುತ್ತಿದ್ದಳು.

"ಅಪ್ಪ ಸತ್ತ ಅಂದ್ಕೊಂಡಿದ್ದೆ" ಎಂದಳು ಅಕ್ಕ.

ಕರೆಂಟಮ್ಮ ಅಲ್ಲಿಗೆ ನಿಲ್ಲಿಸಿದಳು. ಓಡಲಿಲ್ಲ. ಒಂದು ಡಬ್ಬಿಯ ಮೇಲೆ ಕೂತು, ಕಿವಿಯಿಂದ ಕತ್ತಿಗೆ ಇಳಿಯುತ್ತಿದ್ದ ರಕ್ತವನ್ನೂ ಒರೆಸದೆ, ಪೊಲೀಸರು ಬರುವವರೆಗೆ ಕಾದಳು.

ಗೋದಾಮಿಗೆ ಬೀಗ ಬಿತ್ತು, ಭಾವನಿಗೂ ಶಿಕ್ಷೆಯಾಯಿತು. ಆದರೆ ಕರೆಂಟಮ್ಮನ ಶಿಕ್ಷೆಯೇ ಹೆಚ್ಚಿನದು. ನ್ಯಾಯಾಧೀಶರು ಕಬ್ಬಿಣದ ತುಂಡನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದನ್ನು ನಮ್ಮ ಹತ್ತಿರ ತರಬಹುದಿತ್ತಲ್ಲಮ್ಮ" ಎಂದರು. ಭಾವನ ದವಡೆಯನ್ನು ತಂತಿ ಹಾಕಿ ಬಿಗಿದಿದ್ದರು. ಅವನು ಏನೋ ಹೇಳಲು ಎದ್ದವನು ಹೇಳಲಾಗದೆ ಕೂತ. ಅಕ್ಕ ಒಂದು ಸಲವೂ ತಂಗಿಯ ಕಡೆ ತಿರುಗಲಿಲ್ಲ.

ಜೈಲಿಗೆ ಅವಳಿಗಿಂತ ಮುಂಚೆಯೇ ಅವಳ ಸುದ್ದಿ ತಲುಪಿತ್ತು. ಕೈ ಎಷ್ಟಿದೆ ನೋಡಿಯೇ ಬಿಡೋಣ ಎಂದು ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕೆಲವರು ಸುತ್ತುವರಿದರು. ಆ ದಿನ ಅವಳು ಒಬ್ಬಳ ಮೂಗು ಒಡೆದಳು, ತನ್ನದೊಂದು ಬೆರಳು ಮುರಿಸಿಕೊಂಡಳು. ಆಮೇಲೆ ಯಾರೂ ತಂಟೆಗೆ ಬರಲಿಲ್ಲ. ಜೈಲಿನ ಕಚೇರಿಯ ಕಂಪ್ಯೂಟರ್ ಕೆಟ್ಟಾಗ ಅವಳನ್ನೇ ಕರೆಸುತ್ತಿದ್ದರು. "ವೇಗ ಏರಿಸ್ತೀಯೇನಮ್ಮ?" ಎಂದು ಜೈಲರ್ ಕೇಳಿದರೆ, "ಇಲ್ಲಿಂದ ಬೇಗ ಹೋಗೋ ಆತುರ ಯಾರಿಗಿದೆ ಸಾರ್" ಎನ್ನುತ್ತಿದ್ದಳು.

ಗಂಡ ಭೇಟಿಯ ದಿನಗಳಲ್ಲಿ ತಪ್ಪದೆ ಬರುತ್ತಿದ್ದ. ಮೊದಲ ಸಲ ಕಂಬಿಯ ಆಚೆ ಕೂತು ಹೇಳಿದ:

"ಮನೆಯೊಳಗೆ ಕೈ ಎತ್ತಬೇಡ ಅಂದಿದ್ದೆ. ಹೊರಗೂ ಎತ್ತಬೇಡ ಅಂತ ಹೇಳಬೇಕಿತ್ತು. ನನ್ನದೇ ತಪ್ಪು."

"ಹೇಳಿದ್ರೆ ನಾನು ಕೇಳ್ತಿದ್ನಾ?"

"ಇಲ್ಲ. ಆದ್ರೆ ನಾನು ಹೇಳಿದ್ದೆ ಅಂತ ಈಗ ನೆಮ್ಮದಿಯಾಗಿರ್ತಿದ್ದೆ."

ಅವಳು ಹೊರಬಂದಾಗ ಅಂಗಡಿ ಹಾಗೆಯೇ ಇತ್ತು. ಒಡೆದದ್ದನ್ನೆಲ್ಲ ಅವನು ಗುಡಿಸಿ, ಹೊಸ ಗಾಜು ಹಾಕಿಸಿದ್ದ. ಬಾಗಿಲು ತೆರೆದ ಹೊಸದರಲ್ಲೇ ಎಡಿಟರ್ ಬಂದಳು, ಬಲಗೈ ಪೂರ್ತಿ ಮುಚ್ಚುವ ಉದ್ದ ತೋಳಿನ ಅಂಗಿ ತೊಟ್ಟು. ಹಿಂದೆ ಅವಳ ಅಣ್ಣ. ಅವನು ಒಳಗೆ ಬರದೆ ಬಾಗಿಲಲ್ಲೇ ಗಾಜಿನ ಕಡೆ ನೋಡದೆ ನಿಂತ. ಕರೆಂಟಮ್ಮ ಎದ್ದು ನಿಂತಳು. ಕ್ಷಮಿಸು ಎನ್ನಬೇಕೆಂದು ಜೈಲಿನಲ್ಲಿ ಎಷ್ಟೋ ಸಲ ಹೇಳಿಕೊಂಡಿದ್ದವಳು, ಕುರ್ಚಿಯೊಂದನ್ನು ಅವಳ ಕಡೆಗೆ ಎಳೆದಿಟ್ಟಳು.

"ಕಂಪ್ಯೂಟರ್ ಬೇಕು" ಎಂದಳು ಎಡಿಟರ್. "ಎಡಗೈಯಲ್ಲಿ ಕೆಲಸ ಕಲಿತಿದ್ದೀನಿ. ಕೈ ನಿಧಾನ ಆಗಿದೆ, ಮೆಷಿನ್ನೂ ನಿಧಾನ ಆದ್ರೆ ನಾನು ಉಳಿಯಲ್ಲ. ಏರಿಸಿ ಕೊಡಿ."

"ನನ್ನ ಹತ್ತಿರ ಯಾಕೆ ಬಂದೆ ತಾಯಿ?"

"ಬೇರೆಯವರು ಡಬ್ಬಿ ಬಿಚ್ಚಿ ನೋಡಲ್ಲ. ನೀವು ಇನ್ನು ಮೇಲೆ ನೋಡ್ತೀರಿ."

ಕರೆಂಟಮ್ಮ ಅವಳೆದುರೇ ಹೊಸ ಪವರ್ ಸಪ್ಲೈಯ ಮುದ್ರೆ ಹರಿದು, ಮುಚ್ಚಳ ತೆಗೆದು ಒಳಗಿನದನ್ನೆಲ್ಲ ತೋರಿಸಿದಳು. ಕೇಬಲ್ಲಿನ ತುದಿ ಸುಲಿದು ತಂತಿಯ ದಪ್ಪ ಮುಟ್ಟಿಸಿದಳು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡು ಎರಡನ್ನೂ ಒಟ್ಟಿಗೆ ಹೂಡಿ ದಿನವಿಡೀ ದುಡಿಸಿದಳು. ಆಗಾಗ ಕೇಬಲ್ಲನ್ನು ಅಂಗೈಯಲ್ಲಿ ಹಿಡಿದು ಬಿಸಿ ನೋಡುತ್ತಿದ್ದಳು. ವೇಗವನ್ನು ಹಿಂದಿನದಕ್ಕಿಂತ ಒಂದು ಮೆಟ್ಟಿಲು ಕೆಳಗೇ ನಿಲ್ಲಿಸಿದಳು. ಎಡಿಟರ್ ಇನ್ನೊಂದು ಮೆಟ್ಟಿಲಿಗಾಗಿ ಜಗಳವಾಡಿದಳು. ಕರೆಂಟಮ್ಮ ಸೋಲಲಿಲ್ಲ. ಸಂಜೆ ಡ್ರೈವರ್ ಬಂದು ಕಂಪ್ಯೂಟರನ್ನು ಎದೆಗವಚಿಕೊಂಡು ಮೆಟ್ಟಿಲಿಳಿದ.

ಭಾವ ಈಗ ಬೇರೆ ಊರಿನ ಅಂಗಡಿಯೊಂದರಲ್ಲಿ ಸಂಬಳಕ್ಕಿದ್ದಾನೆ, ಗಂಜಿಯಂಥದ್ದನ್ನು ಬಿಟ್ಟು ಬೇರೇನೂ ಜಗಿಯಲಾರ. ಅಕ್ಕ ಮಾತ್ರ ಇಲ್ಲೇ ಉಳಿದಳು. ಮುಂದಿನ ಹಲ್ಲುಗಳಿಲ್ಲದ ಬಾಯಿಗೆ ಸೆರಗು ಅಡ್ಡ ಹಿಡಿದು ಆಗೊಮ್ಮೆ ಈಗೊಮ್ಮೆ ಮಾರ್ಕೆಟ್ ಕಟ್ಟಡದ ಎದುರು ಬರುತ್ತಾಳೆ. ರಸ್ತೆಯ ಆಚೆ ಬದಿಯಲ್ಲಿ ನಿಂತು ಚೀಲದಿಂದ ಕಲ್ಲು ತೆಗೆದು ಮೊದಲ ಮಹಡಿಯ ಕಿಟಕಿಗೆ ಗುರಿಯಿಟ್ಟು ಎಸೆಯುತ್ತಾಳೆ. ಗುರಿ ತಪ್ಪುವುದು ಕಡಿಮೆ. ಒಂದು ಸಲ ಕಲ್ಲು ಕರೆಂಟಮ್ಮನ ಹಣೆಗೇ ತಾಗಿ ಹುಬ್ಬು ಸೀಳಿತು. ಬೀದಿಯವರು ಪೊಲೀಸರನ್ನು ಕರೆಯಲು ಹೋದರೆ ಅವಳು ಬಿಡಲಿಲ್ಲ.

"ನಾನು ಹೋಗಿ ಮಾತಾಡಿಸಲಾ ಅವರನ್ನ?" ಎಂದ ಗಂಡ, ಅವಳ ಹುಬ್ಬಿಗೆ ಹತ್ತಿ ಒತ್ತುತ್ತ.

"ಬೇಡ, ಬಿಡಿ. ಅವಳು ಜೀವಮಾನದಲ್ಲಿ ತನಗಾಗಿ ಯಾರಿಗೂ ತಿರುಗಿ ಹೊಡೆದೋಳಲ್ಲ" ಎಂದಳು ಕರೆಂಟಮ್ಮ. "ಕೈ ಸೋಲೋವರೆಗೂ ಹೊಡೀಲಿ."

ಕೆಳಗೆ ಅಕ್ಕ ಚೀಲದಲ್ಲಿ ಮತ್ತೆ ಕೈಯಾಡಿಸಿದಳು. ಕಲ್ಲು ಮುಗಿದಿತ್ತು. ಚೀಲ ಕೊಡವಿ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು, ವಾಹನಗಳು ಬರುತ್ತಿವೆಯೇ ಎಂದು ಎರಡೂ ಕಡೆ ನೋಡಿ, ರಸ್ತೆ ದಾಟಿ ಮನೆಯ ಕಡೆ ನಡೆದಳು.